ಲಿಲಾವಿನ ಫಕ್ಕೀರಪ್ಪ ಮತ್ತು ಕಿವಿಯೊಳಗಿನ ಗಿರಣಿ

ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ಎಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಗೆ ಬಂದೆ, ವಾರಕ್ಕೊಂದು ದಿನ ಬ್ಯಾಡಗಿಗೂ ಹೋಗಿ ರೋಗಿಗಳನ್ನು ನೋಡುತ್ತಿದ್ದೆ, ಕೊನೆಗೆ ಹಾವೇರಿಯಲ್ಲಿ ನಿವೃತ್ತಳಾದೆ. ಈಗ ಈ ವಿಭಾಗಕ್ಕೆ ಸೇರುವ ಹುಡುಗ ಹುಡುಗಿಯರನ್ನು ಯಾಕೆ ಇದನ್ನೇ ಆರಿಸಿಕೊಂಡಿರಿ ಎಂದು ಕೇಳಿದರೆ, "ಆರಾಮ ಕೆಲಸ ಮೇಡಂ, ಜೀವಕ್ಕೆ ಅಪಾಯ ಇರೋ ಕೇಸು ಕಡಿಮೆ" ಅನ್ನುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಕಿವಿಯ ಹಿಂದೆ ಗಟ್ಟಿಯಾಗಿ ಕೈಗೆ ಸಿಗುವ ಎಲುಬಿನ ಉಬ್ಬನ್ನು ಮುಟ್ಟಿ ನೋಡಿಕೊಳ್ಳಿ. ಅದರೊಳಗೆ ಜೇನುಹುಟ್ಟಿನಂತೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿವೆ. ಆ ಗೂಡುಗಳ ಮೇಲ್ಛಾವಣಿಯ ಆಚೆ ಮಿದುಳು. ಹಿಂದಿನ ಗೋಡೆಯ ಆಚೆ ಮಿದುಳಿನ ರಕ್ತವನ್ನೆಲ್ಲ ಕೂಡಿಸಿ ಕೆಳಗಿಳಿಸುವ ದೊಡ್ಡ ಕಾಲುವೆ. ಅದಕ್ಕೆ ನಾವು ಸೈನಸ್ ಅನ್ನುತ್ತೇವೆ. ಮೂಗಿನ ಪಕ್ಕ ಕಟ್ಟಿಕೊಳ್ಳುವ ಸೈನಸ್ ಬೇರೆ, ಇದು ಬೇರೆ. ಮುಂದಿನ ಗೋಡೆಯಲ್ಲಿ ಮುಖದ ನರ ಹರಿಯುತ್ತದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚುವುದಿಲ್ಲ, ಬಾಯಿ ಸೊಟ್ಟಗಾಗುತ್ತದೆ. ಇನ್ನೂ ಕೆಳಗೆ ಆ ರಕ್ತದ ಕಾಲುವೆ ತಲೆಬುರುಡೆಯಿಂದ ಹೊರಬೀಳುವ ಕಿಂಡಿಯಿದೆ. ಅದೇ ಕಿಂಡಿಯಲ್ಲಿ ಮೂರು ನರಗಳೂ ಒತ್ತಿಕೊಂಡು ಹೊರಗೆ ಬರುತ್ತವೆ: ನುಂಗುವುದಕ್ಕೆ ಒಂದು, ದನಿಗೆ ಒಂದು, ಭುಜ ಎತ್ತುವುದಕ್ಕೆ ಒಂದು. ನಾಲಗೆಯ ನರ ಪಕ್ಕದ ಇನ್ನೊಂದು ತೂತಿನಲ್ಲಿ ಬರುತ್ತದೆ. ಇಷ್ಟೆಲ್ಲ ಇರುವುದು ಒಂದು ಅಡಿಕೆಯ ಅಗಲದೊಳಗೆ. ಆರಾಮ ಕೆಲಸ ಎಲ್ಲಿಂದ ಬಂತು?

ಇದನ್ನು ನನಗೆ ಕಲಿಸಿದ ಮೇಷ್ಟರು ಹುಬ್ಬಳ್ಳಿಯವರು. ಪುಸ್ತಕದ ಚಿತ್ರ ತೋರಿಸಿದವರಲ್ಲ. ಒಂದು ಬುರುಡೆಯನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿಸಿ, ಒಳಗೆ ಬೆರಳು ಹಾಕಿಸುತ್ತಿದ್ದರು. "ಈಗ ನಿನ್ನ ಬೆರಳು ಯಾವ ತೂತಿನ್ಯಾಗ ಐತಿ ಹೇಳು. ಅದರಾಗಿಂದ ಏನೇನು ಹೋಗ್ತಾವು ಹೇಳು. ಅವು ಕೆಟ್ಟರ ಮನುಷ್ಯಾ ಏನು ತಕರಾರು ಹೇಳ್ತಾನ, ಅವನ ಮಾತಿನ್ಯಾಗ ಹೇಳು." ಕೊನೆಯ ಪ್ರಶ್ನೆಯೇ ಕಷ್ಟದ್ದು. ದನಿಗೆ ಹೋಗುವ ಹತ್ತನೆಯ ನರ ಸೋತಿದೆ ಎಂದು ಯಾವ ರೋಗಿಯೂ ಹೇಳುವುದಿಲ್ಲ. ನೀರು ಕುಡಿದರೆ ನೆತ್ತಿಗೇರುತ್ತದೆ ಎನ್ನುತ್ತಾನೆ.

ರಾಣೆಬೆನ್ನೂರಿನಲ್ಲಿ ನನ್ನ ಮೇಲಧಿಕಾರಿ ಡಾ. ಅಂಗಡಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅವರ ಕೈ ಎಷ್ಟು ಚುರುಕೆಂದರೆ ದಾವಣಗೆರೆಯಿಂದಲೂ ಜನ ಬರುತ್ತಿದ್ದರು. ಮಾತು ಒರಟು. ನನ್ನನ್ನು "ತಂಗಿ" ಎಂದೇ ಕರೆಯುತ್ತಿದ್ದರು, ಬೈಯುವಾಗಲೂ. ನಾನು ಬರುವ ಮೊದಲು ಆಸ್ಪತ್ರೆಯ ಕಿವಿ ಮೂಗಿನ ಕೆಲಸವನ್ನೂ ಅವರೇ ಮಾಡುತ್ತಿದ್ದರು. ಬಂದ ಮೇಲೂ ಪೂರ್ತಿ ಬಿಟ್ಟುಕೊಡಲಿಲ್ಲ.

ಅವರ ಜೊತೆ ಮಾಡಿದ ಮೊದಲ ದೊಡ್ಡ ಕೇಸು ಕಾಗಿನೆಲೆ ಕಡೆಯ ಒಬ್ಬ ಹುಡುಗಿಯದು, ಹೆಸರು ಗಂಗವ್ವ. ಅವಳ ಬಲಗಿವಿ ಸಣ್ಣಂದಿನಿಂದ ಸೋರುತ್ತಿತ್ತು. ಒಳಗಿನ ಹೊಲಸು ಹೊರಗೆ ಹೋಗಲಿ ಎಂದು ಮನೆಯವರು ಸುಮ್ಮನಿದ್ದರು. ಒಂದು ದಿನ ಸೋರುವುದು ನಿಂತಿತು. ಎಲ್ಲರಿಗೂ ಖುಷಿಯಾಯಿತು. ಅದರ ಹಿಂದೆಯೇ ಜ್ವರ ಶುರುವಾಯಿತು. ದಿನಾ ನಡುಗುವ ಚಳಿ, ಏರುವ ಜ್ವರ, ಬೆವರು, ಮತ್ತೆ ಚಳಿ. ಮಲೇರಿಯಾ ಎಂದು ಊರಲ್ಲಿ ಗುಳಿಗೆ ಕೊಟ್ಟಿದ್ದರು. ನಮ್ಮಲ್ಲಿಗೆ ಕರೆತಂದಾಗ ಹುಡುಗಿ ಅರೆನಿದ್ದೆಯಲ್ಲಿದ್ದಳು.

"ಅಪ್ಪ ಇಬ್ಬರು ಕಾಣಾಕತ್ಯಾರ" ಅಂದಳು, ಪಕ್ಕದಲ್ಲಿ ನಿಂತ ತನ್ನ ತಂದೆಯನ್ನು ನೋಡಿ.

ತಂದೆ ಹೆದರಿ, "ಜ್ವರದಾಗ ಏನೇನರ ಅಂತಾಳ್ರಿ" ಅಂದರು.

ಜ್ವರದ ಮಾತಲ್ಲ ಅದು. ನನ್ನ ಬೆರಳನ್ನು ಅವಳ ಬಲಕ್ಕೆ ಸರಿಸಿದೆ. ಎಡಗಣ್ಣು ಬೆರಳಿನ ಹಿಂದೆ ಬಂತು, ಬಲಗಣ್ಣು ನಡುವೆಯೇ ನಿಂತುಬಿಟ್ಟಿತು. ಕಣ್ಣನ್ನು ಹೊರಕ್ಕೆ ತಿರುಗಿಸುವ ನರ ಕಿವಿಯ ಎಲುಬಿನ ತುದಿಯನ್ನು ಸವರಿಕೊಂಡು ಹೋಗುತ್ತದೆ. ಕೀವು ಅಲ್ಲಿಯವರೆಗೆ ಮುಟ್ಟಿತ್ತು. ದಿನಾ ಬಂದು ಹೋಗುವ ಚಳಿ, ಕೀವು ರಕ್ತದ ಕಾಲುವೆಯೊಳಗೂ ಇಳಿಯುತ್ತಿದೆ ಎನ್ನುವುದರ ಗುರುತು. ಹುಬ್ಬಳ್ಳಿಗೆ ಕಳಿಸುವುದು ಸರಿಯಾದ ದಾರಿ. ಆದರೆ ಆ ದಿನ ರಸ್ತೆ ಬಂದ್ ಆಗಿತ್ತು, ಹುಡುಗಿಯ ನಾಡಿ ಕಾಯುವ ಹಾಗಿರಲಿಲ್ಲ. ಅಂಗಡಿಯವರು ನನ್ನ ಮುಖ ನೋಡಿ, "ನೀ ತೆಗಿ, ನಾ ನಿಂದರ್ತೀನಿ" ಅಂದರು.

ಆಗ ನಮ್ಮ ಹತ್ತಿರ ಮೈಕ್ರೋಸ್ಕೋಪೂ ಇಲ್ಲ, ಡ್ರಿಲ್ಲೂ ಇಲ್ಲ. ಉಳಿ ಮತ್ತು ಸುತ್ತಿಗೆ. ಬಡಗಿಯ ಕೆಲಸವೇ, ಅಳತೆ ಮಾತ್ರ ಸಣ್ಣದು. ಮುಖದ ನರವನ್ನು ಕಾಯಲು ಆಗ ಯಾವ ಯಂತ್ರವೂ ಇರಲಿಲ್ಲ. ಸಿಸ್ಟರ್ ಸರೋಜಾ ಬಟ್ಟೆಯಡಿ ಕೈ ಹಾಕಿ ಹುಡುಗಿಯ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಉಳಿ ನರದ ಹತ್ತಿರ ಹೋದರೆ ಕೆನ್ನೆ ಹಾರುತ್ತದೆ. "ಹಾರ್ತು" ಎಂದು ಅವರು ಹೇಳಿದ ಕೂಡಲೇ ನನ್ನ ಕೈ ನಿಲ್ಲಬೇಕು. ಆ ದಿನ ಅವರು ಎರಡು ಸಲ "ಹಾರ್ತು" ಅಂದರು, ಎರಡು ಸಲವೂ ನಾನು ಉಳಿಯ ದಿಕ್ಕು ಬದಲಿಸಿದೆ.

ಎಲುಬು ತೆರೆದಂತೆ ಕೀವು ಒತ್ತಡದಿಂದ ಹೊರಗೆ ಬಂತು. ಅದನ್ನು ಒರೆಸಿ ಹಿಂದಿನ ಗೋಡೆಯ ಕೊಳೆತ ಎಲುಬಿನ ಚೂರೊಂದನ್ನು ಎತ್ತಿದೆ. ಚೂರು ಬಂತು, ಅದರ ಹಿಂದೆ ರಕ್ತ ಬಂತು. ಚಿಮ್ಮುವ ಕೆಂಪು ರಕ್ತವಲ್ಲ. ಕಪ್ಪು ರಕ್ತ, ಸದ್ದಿಲ್ಲದೆ ತುಂಬಿಕೊಳ್ಳುತ್ತದೆ, ನೋಡನೋಡುತ್ತ ಗಾಯವೇ ಕಾಣದಾಗುತ್ತದೆ. ಸೈನಸ್‌ನ ಗೋಡೆ ಹರಿದಿತ್ತು. ನಾನು ರಕ್ತ ಎಲ್ಲಿಂದ ಬರುತ್ತಿದೆ ನೋಡಲು ಒರೆಸತೊಡಗಿದೆ.

"ನೋಡಬ್ಯಾಡ" ಅಂದರು ಅಂಗಡಿ. ದನಿ ಏರಿಸಲಿಲ್ಲ. "ಬೆರಳಿಡು. ಒತ್ತು. ಬಾಳ ಒತ್ತಬ್ಯಾಡ. ಇದರಾಗ ಜೋರಿಲ್ಲ ತಂಗಿ, ಬರೇ ತುಂಬಿ ಬರೋದು ಅಷ್ಟ. ನೀ ತಾಳ್ಮಿಲೇ ನಿಂತರ ಇದು ನಿಲ್ಲತೈತಿ."

ಬೆರಳಿಟ್ಟೆ. ಅವರು ಉದ್ದದ ತೆಳು ಬಟ್ಟೆಯ ಪಟ್ಟಿಯನ್ನು ಮಡಿಸಿ ಮಡಿಸಿ ನನ್ನ ಬೆರಳಿನ ಪಕ್ಕದಲ್ಲಿ ತುರುಕಿದರು. ಅದರ ಮೇಲೆ ಒತ್ತಿಕೊಂಡು ಇಬ್ಬರೂ ಸುಮ್ಮನೆ ನಿಂತೆವು. ಅಂಗಡಿಯವರು ಅರಿವಳಿಕೆ ಕೊಡುತ್ತಿದ್ದ ಡಾಕ್ಟರ ಹತ್ತಿರ ಅವರ ಊರಿನ ಮಳೆ ಬೆಳೆಯ ಸುದ್ದಿ ಕೇಳಿದರು. ರಕ್ತ ನಿಂತಿತು. ಗಂಗವ್ವ ಬದುಕಿದಳು. ಜ್ವರ ಇಳಿಯಿತು, ಮುಖ ನೆಟ್ಟಗಿತ್ತು, ಕೆಲವು ತಿಂಗಳ ಮೇಲೆ ಕಣ್ಣೂ ಮೊದಲಿನಂತೆ ಹೊರಕ್ಕೆ ತಿರುಗಿತು. ಆ ಕಿವಿ ಮಾತ್ರ ಕೇಳಲಿಲ್ಲ.

ಕಪ್ಪು ರಕ್ತಕ್ಕೆ ಹೆದರಬಾರದು, ಕಾಯಬೇಕು. ಈ ಪಾಠ ನನಗೆ ಕೊಟ್ಟವರು ಅಂಗಡಿಯವರು. ಅದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಹೇಳುವ ಸಂಗತಿಯಲ್ಲಿ ಅವರು ತಪ್ಪಿದರು. ತಪ್ಪಿದರು ಎಂದ ಮಾತ್ರಕ್ಕೆ ಅವರನ್ನು ಸಣ್ಣ ಡಾಕ್ಟರು ಎಂದು ಯಾರೂ ತಿಳಿಯಬಾರದು.

ಆ ಸಂಗತಿ ಫಕ್ಕೀರಪ್ಪನದು.

ಫಕ್ಕೀರಪ್ಪ ರಾಣೆಬೆನ್ನೂರಿನ ಹತ್ತಿ ಮಾರ್ಕೆಟ್ಟಿನಲ್ಲಿ ಲಿಲಾವು ಕೂಗುತ್ತಿದ್ದ. ರೈತರು ತಂದ ಹತ್ತಿಯ ರಾಶಿಗಳ ನಡುವೆ ನಿಂತು, ಖರೀದಿದಾರರು ಹೇಳಿದ ದರವನ್ನು ಎಲ್ಲರಿಗೂ ಕೇಳುವಂತೆ ಕೂಗಿ, ಇನ್ನೊಬ್ಬನಿಂದ ಅದಕ್ಕಿಂತ ಹೆಚ್ಚಿಗೆ ಹೇಳಿಸುವ ಕೆಲಸ. ಎತ್ತರದ ಆಳು. ಅವನ ದನಿ ರೇಲ್ವೆ ಸ್ಟೇಷನ್ನಿನವರೆಗೆ ಕೇಳುತ್ತದೆ ಎಂದು ಜನ ಚೇಷ್ಟೆ ಮಾಡುತ್ತಿದ್ದರು. ಬರೀ ದೊಡ್ಡ ದನಿಯಲ್ಲ; ಯಾರ ಕಡೆ ತಿರುಗಿ ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಅವನಿಗೆ ಗೊತ್ತಿತ್ತು. ಅವನು ಕೂಗಿದರೆ ತಮ್ಮ ಮಾಲಿಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ ಎಂದು ರೈತರು ಕಾಯುತ್ತಿದ್ದರಂತೆ.

ಆ ದನಿ ಒಡೆಯಿತು. ಕೂಗಿ ಕೂಗಿ ಕೆಟ್ಟಿದೆ ಎಂದು ಎಲ್ಲರೂ ಅಂದರು. ಬ್ಯಾಡಗಿಗೆ ನೆಂಟರ ಮನೆಗೆ ಹೋಗಿಬಂದ ಮೇಲೆ ಜಾಸ್ತಿಯಾಯಿತು ಎಂದು ಹೆಂಡತಿ ನೀಲವ್ವ ಹೇಳಿದ್ದರಿಂದ, ಮೆಣಸಿನಕಾಯಿ ಘಾಟು ಎಂದು ಒಬ್ಬ ಡಾಕ್ಟರು ಕಷಾಯ ಬರೆದುಕೊಟ್ಟರು. ಇದರಲ್ಲಿ ಆಶ್ಚರ್ಯವೇನಿಲ್ಲ. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಬಸ್ಸಿನಿಂದ ಇಳಿಯುತ್ತಿದ್ದ ಹಾಗೆಯೇ ಸೀನು ಬರುತ್ತದೆ. ನನ್ನ ವಾರದ ದಿನ ಅಲ್ಲಿ ಕೆಮ್ಮು, ಉರಿ, ಒಡೆದ ದನಿ, ನೀರು ಸುರಿಯುವ ಮೂಗು, ಎಲ್ಲವೂ ಮೆಣಸಿನಕಾಯಿಯ ಲೆಕ್ಕಕ್ಕೆ ಹೋಗುತ್ತಿತ್ತು. ಬಹಳ ಸಲ ಅದು ಖರೆಯೂ ಆಗಿತ್ತು. ಅದಕ್ಕೇ ಅದು ಅಪಾಯದ ಉತ್ತರ.

ಫಕ್ಕೀರಪ್ಪ ಆಸ್ಪತ್ರೆಗೆ ಬಂದದ್ದು ದನಿಗಾಗಿ ಅಲ್ಲ, ಕಿವಿಗಾಗಿ. ಎಡಗಿವಿಯಿಂದ ರಕ್ತ ಒಸರುತ್ತಿತ್ತು. ಆ ದಿನ ನಾನು ಹೊರರೋಗಿ ವಿಭಾಗದಲ್ಲಿದ್ದೆ, ಅವನು ನೇರವಾಗಿ ಅಂಗಡಿಯವರ ಕೋಣೆಗೆ ಹೋಗಿದ್ದ. ಅವರು ಕಿವಿಯೊಳಗೆ ನೋಡಿದರು. ಕೆಂಪಗೆ ಗುಂಡಗಿನ ಒಂದು ಗಡ್ಡೆ ದಾರಿ ತುಂಬಿ ಕೂತಿತ್ತು. ಹಳೆಯ ಸೋರುವ ಕಿವಿಯಲ್ಲಿ ಇಂಥ ಗಡ್ಡೆ ದಿನಾ ಕಾಣುವಂಥದು. ಸಣ್ಣ ತಂತಿಯ ಕುಣಿಕೆ ಹಾಕಿ ಎಳೆದರೆ ಕಿತ್ತು ಬರುತ್ತದೆ, ಹತ್ತಿ ಇಟ್ಟು ಕಳಿಸುತ್ತೇವೆ. ಅಂಗಡಿಯವರು ಅದನ್ನೇ ಮಾಡಲು ಅವನನ್ನು ಸಣ್ಣ ಆಪರೇಷನ್ ಕೋಣೆಯಲ್ಲಿ ಮಲಗಿಸಿದ್ದರು.

ನಾನು ಅಲ್ಲಿಗೆ ಹೋದದ್ದು ಒಂದು ಚಿಮಟಿಗೆ ತರಲು. ಬಾಗಿಲಲ್ಲಿದ್ದಾಗ ಫಕ್ಕೀರಪ್ಪ ಮಲಗಿದ್ದಲ್ಲಿಂದಲೇ ಕೇಳಿದ: "ಬಾಳ ನೋವಾಗತೈತೇನ್ರಿ ಸಾಹೇಬ್ರ?"

ಆ ದನಿ ಕೇಳಿ ನಿಂತೆ. ಕೂಗಿ ಕೆಟ್ಟ ದನಿ ಒರಟಾಗಿರುತ್ತದೆ. ಇದು ಒರಟಲ್ಲ, ಸೋರುವ ದನಿ. ಪ್ರತಿ ಮಾತಿನಲ್ಲೂ ಗಾಳಿ ಬಿಟ್ಟುಹೋಗುತ್ತಿತ್ತು, ಮಾತಿನ ಕೊನೆಗೆ ಅವನು ಕೆಮ್ಮಿದ. ಗಂಟಲಿನ ಎರಡು ತಂತುಗಳಲ್ಲಿ ಒಂದು ಅಲುಗದೆ ಬಿದ್ದುಕೊಂಡಾಗ ಮಾತ್ರ ದನಿ ಹೀಗೆ ಬರುತ್ತದೆ.

"ಸರ್, ಒಂದ್ ನಿಮಿಷ" ಅಂದೆ.

"ಏನು?" ಕುಣಿಕೆ ಅವರ ಕೈಯಲ್ಲಿತ್ತು.

"ಅವರ ನಾಲಗಿ ನೋಡಬೇಕ್ರಿ."

"ಕಿವಿ ಕೇಸಿಗೆ ನಾಲಗಿ ಯಾಕ?"

ನಾನು ಫಕ್ಕೀರಪ್ಪನ ಹತ್ತಿರ ಹೋಗಿ, "ನಾಲಗಿ ಹೊರಗ ಚಾಚ್ರಿ" ಅಂದೆ. ಚಾಚಿದ. ನಾಲಗೆ ನೇರ ಬರಲಿಲ್ಲ, ಎಡಕ್ಕೆ ವಾಲಿತು. ಎಡಗಡೆಯ ಅರ್ಧ ಸುಕ್ಕುಗಟ್ಟಿ ಸಣ್ಣದಾಗಿತ್ತು. ಬಾಯಿ ತೆರೆಸಿ ಆ ಅನ್ನಿಸಿದೆ. ಕಿರುನಾಲಗೆ ಬಲಕ್ಕೆ ಎಳೆದುಕೊಂಡಿತು. ಎಬ್ಬಿಸಿ ಕೂರಿಸಿ ಎರಡೂ ಭುಜ ಎತ್ತಿ ಎಂದೆ. ಬಲಭುಜ ಕಿವಿಯ ಹತ್ತಿರ ಹೋಯಿತು, ಎಡಭುಜ ಅರ್ಧಕ್ಕೆ ನಿಂತಿತು.

"ಕೈ ಎತ್ತಾಕ ತ್ರಾಸ ಆಗತೈತ್ರಿ ಅಕ್ಕಾರ" ಅಂದ ಫಕ್ಕೀರಪ್ಪ. "ಲಿಲಾವಿನ್ಯಾಗ ಈಗ ಬಲಗೈಲೇ ತೋರಸ್ತೀನಿ."

"ನೀರು ಕುಡಿದರ?"

"ನೆತ್ತಿಗೇರತೈತ್ರಿ. ಮೂಗಿನ್ಯಾಗ ಬರತೈತಿ."

"ಕಿವ್ಯಾಗ ಏನರ ಸಪ್ಪಳ ಐತೇನು?"

ಅವನು ನಕ್ಕ. "ಅದನ್ನ ಯಾರೂ ಕೇಳಿರಲಿಲ್ಲ ನೋಡ್ರಿ. ಹತ್ತಿ ಗಿರಣಿ ನಡದಂಗ ಆಗತೈತಿ. ಭುಸ್, ಭುಸ್. ಮನಿಗೆ ಹೋದರೂ ಬಿಡೂದಿಲ್ಲ. ಮಾರ್ಕೆಟ್ನ್ಯಾಗ ದಿನಾ ಕೇಳಿ ಕೇಳಿ ಕಿವ್ಯಾಗ ಕುಂತೈತಿ ಅನಕೊಂಡಿದ್ದೆ."

ನಾನು ಅವನ ಕೈಯ ನಾಡಿ ಹಿಡಿದು, ಆ ಭುಸ್ ಬಂದಾಗಲೆಲ್ಲ ಬೆರಳು ಎತ್ತಿ ತೋರಿಸಿ ಎಂದೆ. ಅವನ ಬೆರಳು ಎದ್ದದ್ದೂ ನಾಡಿ ಬಡಿದದ್ದೂ ಒಂದೇ ಹೊತ್ತಿಗೆ.

ನುಂಗುವ ನರ, ದನಿಯ ನರ, ಭುಜದ ನರ, ಪಕ್ಕದ ನಾಲಗೆಯ ನರ. ನಾಲ್ಕೂ ಎಡಗಡೆಯವು. ನಾಲ್ಕೂ ಹತ್ತಿರ ಹತ್ತಿರ ಬರುವ ಜಾಗ ತಲೆಬುರುಡೆಯ ತಳದಲ್ಲಿ ಒಂದೇ, ರಕ್ತದ ಕಾಲುವೆ ಹೊರಬೀಳುವ ಆ ಕಿಂಡಿ. ಗಡ್ಡೆ ಕಿವಿಯದಲ್ಲ. ಕಿಂಡಿಯಲ್ಲಿ ಹುಟ್ಟಿ ಮೇಲೆ ಕಿವಿಯೊಳಗೆ ತಲೆ ಹಾಕಿದೆ. ಬರೀ ರಕ್ತನಾಳಗಳಿಂದಲೇ ಆದ ಗಡ್ಡೆ ಇದು, ಆದ್ದರಿಂದಲೇ ನಾಡಿಯ ಜೊತೆ ಭುಸುಗುಟ್ಟುತ್ತದೆ. ಅದನ್ನು ಕುಣಿಕೆ ಹಾಕಿ ಎಳೆದಿದ್ದರೆ ಅವನು ಆ ಮೇಜಿನಿಂದ ಏಳುತ್ತಿದ್ದನೋ ಇಲ್ಲವೋ ಹೇಳಲಾಗದು.

ಇದನ್ನೆಲ್ಲ ಅಂಗಡಿಯವರನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದೆ. ಸಿಬ್ಬಂದಿಯ ಮುಂದೆ ತಡೆದದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು.

"ಪುಸ್ತಕದಾಗ ಓದಿದ್ದು ಹೇಳಾಕತ್ತಿ. ನೀ ಇಂಥಾದ್ದು ಎಂದರ ನೋಡೀ ಏನು?"

"ಇಲ್ರಿ ಸರ್. ನೋಡಿಲ್ಲ."

"ಮತ್ತ?"

"ಸ್ಟೆಥೋಸ್ಕೋಪ್ ಇಟ್ಟು ನೀವ ಕೇಳ್ರಿ."

ಅವರು ಒಳಗೆ ಹೋದರು. ಫಕ್ಕೀರಪ್ಪನ ಎಡಗಿವಿಯ ಹಿಂದಿನ ಎಲುಬಿನ ಮೇಲೆ ಸ್ಟೆಥೋಸ್ಕೋಪ್ ಇಟ್ಟು ಬಾಗಿ ನಿಂತರು. ಬಹಳ ಹೊತ್ತು ಕೇಳಿದರು. ಆಮೇಲೆ ಬಲಗಿವಿಯ ಹಿಂದೆ ಇಟ್ಟು ಕೇಳಿದರು, ಮತ್ತೆ ಎಡಕ್ಕೆ ಬಂದರು. ಕೊನೆಗೆ ಸ್ಟೆಥೋಸ್ಕೋಪ್ ತೆಗೆದು ನನ್ನ ಕೈಗೆ ಕೊಟ್ಟು, ಸಿಸ್ಟರ್ ಸರೋಜಾರ ಕಡೆ ತಿರುಗಿ, "ಇದನ್ನೆಲ್ಲ ತಗದು ಇಡ್ರಿ. ಈ ಪೇಷಂಟ್ ಇನ್ನ ಮ್ಯಾಲ ಇವರದು" ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಫಕ್ಕೀರಪ್ಪ, ನಿನ್ನ ದೈವ ಚಲೋ ಐತಿ" ಎಂದು ಹೊರಟರು. ಆಮೇಲೆ ಕಿವಿಯ ಯಾವ ಕೇಸನ್ನೂ ಅವರು ನನಗೆ ತೋರಿಸದೆ ಮುಟ್ಟಲಿಲ್ಲ. ಆ ದಿನದ ಮಾತನ್ನು ನಮ್ಮಿಬ್ಬರಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ನಮ್ಮಲ್ಲಿದ್ದ ಎಕ್ಸ್-ರೇಯಲ್ಲೇ ಬುರುಡೆಯ ತಳದ ಚಿತ್ರ ತೆಗೆಸಿದೆ. ಬಲಗಡೆಯ ಕಿಂಡಿಯ ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಎಡಗಡೆಯದು ಸವೆದುಹೋಗಿ ದೊಡ್ಡದಾಗಿತ್ತು. ಆ ಚಿತ್ರ ಕೊಟ್ಟು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿಯ ಹಿರಿಯರು ನನ್ನ ಅನುಮಾನ ಸರಿ ಎಂದರು. ಕೊಯ್ದು ತೆಗೆಯುವುದಕ್ಕಿಂತ ರೇಡಿಯೇಷನ್ ಕೊಟ್ಟು ಗಡ್ಡೆಯನ್ನು ಅಲ್ಲೇ ತಡೆಯುವುದು ಒಳ್ಳೆಯದು ಎಂದೂ ಹೇಳಿಕಳಿಸಿದರು.

ನಮ್ಮ ಕಡೆಯ ಜನ ಅದಕ್ಕೆ "ಕರೆಂಟ್ ಕೊಡೂದು" ಅನ್ನುತ್ತಾರೆ. ಕರೆಂಟ್ ಎಂದರೆ ಕ್ಯಾನ್ಸರ್, ಕ್ಯಾನ್ಸರ್ ಎಂದರೆ ಮುಗಿಯಿತು. ನೀಲವ್ವ ನನ್ನ ಮುಂದೆ ಕುಳಿತು ಸೆರಗು ಬಾಯಿಗೆ ಹಿಡಿದುಕೊಂಡಳು. ಇದು ಆ ಜಾತಿಯ ಗಡ್ಡೆಯಲ್ಲ, ನಿಧಾನವಾಗಿ ಬೆಳೆಯುತ್ತದೆ, ತಡೆಯಬಹುದು ಎಂದು ಅವಳಿಗೆ ಮತ್ತೆ ಮತ್ತೆ ಹೇಳಿದೆ. ಫಕ್ಕೀರಪ್ಪನ ಪ್ರಶ್ನೆ ಬೇರೆ ಇತ್ತು.

"ಕರೆಂಟ್ ಕೊಟ್ಟರ ದನಿ ಬರತೈತೇನ್ರಿ ಅಕ್ಕಾರ?"

ಇಂಥ ಹೊತ್ತಿನಲ್ಲಿ ಹೊಸ ಡಾಕ್ಟರುಗಳು "ನೋಡೋಣ" ಅನ್ನುತ್ತಾರೆ. ಹಾಗೆ ಅನ್ನಬೇಡಿ. ಗೊತ್ತಿದ್ದರೆ ಹೇಳಿ.

"ಇಲ್ಲ" ಅಂದೆ. "ಮಾತಾಡೋ ಅಷ್ಟು ಬರತೈತಿ. ಆ ಕಡಿ ತಂತು ಅಲಗೂದಿಲ್ಲ, ಈ ಕಡೀದು ಅದರ ಹತ್ತರ ಹೋಗೋದು ಕಲೀತೈತಿ. ವರ್ಷ ಹಿಡೀಬಹುದು. ಲಿಲಾವು ಕೂಗೋ ದನಿ ಬರೂದಿಲ್ಲ ಫಕ್ಕೀರಪ್ಪ."

ಅವನು ಎದ್ದು ಹೊರಗೆ ಹೋದ. ನೀಲವ್ವ ಅವನ ಹಿಂದೆ ಓಡಿದಳು. ವಾರ ಕಳೆದರೂ ಹುಬ್ಬಳ್ಳಿಗೆ ಹೋಗಲಿಲ್ಲ. ದನಿಯಿಲ್ಲದೆ ಬದುಕಿ ಏನು ಮಾಡಲಿ ಎಂದು ಮನೆಯಲ್ಲಿ ಕೂತಿದ್ದಾನೆ, ಉಣ್ಣುವುದನ್ನೂ ಬಿಟ್ಟಿದ್ದಾನೆ ಎಂದು ನೀಲವ್ವ ಒಬ್ಬಳೇ ಬಂದು ಅತ್ತಳು. ನಾನು ಅವಳ ಜೊತೆ ಆಟೋ ಹತ್ತಿದೆ.

ಮನೆಯಲ್ಲಿ ನೋಡಿದಾಗ ತಿಳಿಯಿತು, ಅವನು ಸಿಟ್ಟಿನಿಂದ ಊಟ ಬಿಟ್ಟಿರಲಿಲ್ಲ. ಉಣ್ಣಲು ಆಗುತ್ತಿರಲಿಲ್ಲ. ತುತ್ತು ನುಂಗಿದರೆ ಉಸಿರಿನ ದಾರಿಗೆ ಹೋಗುತ್ತಿತ್ತು, ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗುತ್ತಿತ್ತು. ಮಕ್ಕಳ ಮುಂದೆ ಹೀಗಾಗುವುದು ನಾಚಿಕೆಯೆಂದು ತಾಟು ಸರಿಸುತ್ತಿದ್ದ. ಮೈ ಅರ್ಧವಾಗಿತ್ತು. ಗಡ್ಡೆ ಅವನನ್ನು ತಿನ್ನುವ ಮೊದಲು ಹಸಿವು ತಿನ್ನುತ್ತಿತ್ತು.

ಅಲ್ಲೇ ಅವನ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಯೋಚಿಸಿದೆ. ಗಂಟಲಿನ ಎಡಭಾಗ ಸೋತಿದೆ, ಬಲಭಾಗ ಗಟ್ಟಿಯಿದೆ. ತುತ್ತು ಎಡಕ್ಕೆ ಇಳಿದರೆ ಅದನ್ನು ತಳ್ಳುವವರಿಲ್ಲ. ಹಾಗಾದರೆ ಎಡದಾರಿಯನ್ನು ಮುಚ್ಚಬೇಕು. ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದರೆ ಆ ಕಡೆ ಮಡಚಿಕೊಳ್ಳುತ್ತದೆ, ತುತ್ತು ಬಲಕ್ಕೇ ಹೋಗಬೇಕು. ನೀಲವ್ವನಿಗೆ ನೀರಿನಂಥದ್ದು ಬೇಡ, ಗಟ್ಟಿ ರವೆಯ ಗಂಜಿ ಮಾಡು ಎಂದೆ.

"ಫಕ್ಕೀರಪ್ಪ, ಎಡಕ ಹೊಳ್ಳಿ ನೋಡ್ರಿ. ಗದ್ದ ಎದಿಗೆ ತರ್ರಿ. ಈಗ ನುಂಗ್ರಿ."

ಒಂದು ಚಮಚ ಬಾಯಿಗಿಟ್ಟು, ಭುಜದ ಮೇಲಿಂದ ಗೋಡೆಯನ್ನು ನೋಡುತ್ತ ನುಂಗಿದ. ಕೆಮ್ಮಲಿಲ್ಲ. ನಂಬಲಾರದೆ ನನ್ನ ಮುಖ ನೋಡಿದ. ಇನ್ನೊಂದು ಚಮಚ. ಅದೂ ಇಳಿಯಿತು. ಹೀಗೇ ಅವನು ಬಟ್ಟಲು ಪೂರ್ತಿ ಮುಗಿಸಿದ. ನೀಲವ್ವ ಕೇಳದೆಯೇ ಮತ್ತೊಂದು ಬಟ್ಟಲು ತಂದಳು.

"ಹುಬ್ಬಳ್ಳಿಗೆ ಯಾವಾಗ ಹೋಗಬೇಕ್ರಿ?" ಎಂದು ಅವನೇ ಕೇಳಿದ.

ನನ್ನ ಕೆಲಸದಲ್ಲಿ ಹೆಮ್ಮೆಯ ಗಳಿಗೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ದೊಡ್ಡ ಶಸ್ತ್ರಚಿಕಿತ್ಸೆಗಳ ಹೆಸರು ಹೇಳುವುದಿಲ್ಲ. ಆ ಹೊಸ್ತಿಲು, ಆ ಗಂಜಿ.

ಅವನು ಹೋದ, ರೇಡಿಯೇಷನ್ ಮುಗಿಸಿಕೊಂಡು ಬಂದ. ಗಡ್ಡೆ ಕಾಣೆಯಾಗಲಿಲ್ಲ, ಬೆಳೆಯುವುದು ನಿಂತಿತು. ಗಿರಣಿಯ ಸದ್ದು ದೂರವಾಗುತ್ತ ಹೋಗಿ ಅವನಿಗೆ ಒಮ್ಮೊಮ್ಮೆ ಮಾತ್ರ ಕೇಳುವಷ್ಟಾಯಿತು. ದನಿ, ನಾನು ಹೇಳಿದ ಹಾಗೆ, ಪಕ್ಕದಲ್ಲಿ ಕುಳಿತವರಿಗೆ ಕೇಳುವಷ್ಟು ಬಂತು. ಮಾರ್ಕೆಟ್ಟಿನಲ್ಲಿ ಬೇರೊಬ್ಬ ಕೂಗುತ್ತಿದ್ದ. ಫಕ್ಕೀರಪ್ಪ ಸ್ವಲ್ಪ ದಿನ ಅಲ್ಲಿ ತೂಕದ ಹತ್ತಿರ ನಿಂತ, ಆದರೆ ಇನ್ನೊಬ್ಬನ ಕೂಗು ಕೇಳುತ್ತ ನಿಲ್ಲಲಾಗದೆ ಬಿಟ್ಟ. ಆಮೇಲೆ ನನಗೂ ವರ್ಗವಾಯಿತು. ಅವನ ಸುದ್ದಿ ತಪ್ಪಿತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹಾವೇರಿಯಲ್ಲಿದ್ದೆ. ಜಿಲ್ಲೆಯಾದ ಹೊಸತು, ಆಸ್ಪತ್ರೆಗೂ ಹೊಸ ಸಾಮಾನು ಬಂದಿತ್ತು. ಉಳಿ ಸುತ್ತಿಗೆಯ ಜಾಗದಲ್ಲಿ ಡ್ರಿಲ್, ಮೇಲೆ ಮೈಕ್ರೋಸ್ಕೋಪ್. ಅದರಲ್ಲಿ ಮೊದಲ ಸಲ ಸೈನಸ್‌ನ ನೀಲಿ ಗೋಡೆಯನ್ನು ಎಲುಬಿನ ತೆಳು ಪರದೆಯ ಹಿಂದೆ, ಇನ್ನೂ ಮುಟ್ಟುವ ಮೊದಲೇ, ಕಂಡಾಗ ನನಗೆ ಗಂಗವ್ವನ ದಿನ ನೆನಪಾಯಿತು. ಈ ಯಂತ್ರಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವ ಮುದುಕಿ ನಾನಲ್ಲ. ಸ್ಕ್ಯಾನ್ ಬಂದು ಎಷ್ಟೋ ಜೀವ ಉಳಿದಿವೆ. ನನ್ನ ಕಿರಿಯ ಸಹೋದ್ಯೋಗಿ ಸುಮಾ ಎಂಬ ಡಾಕ್ಟರಿಗೆ ಒಂದೇ ಮಾತು ಹೇಳುತ್ತಿದ್ದೆ: ಸ್ಕ್ಯಾನ್ ಫಿಲ್ಮನ್ನು ದೀಪಕ್ಕೆ ಹಿಡಿಯುವ ಮೊದಲು ರೋಗಿಯನ್ನು ಮಾತಾಡಿಸು, ನಾಲಗೆ ಚಾಚಿಸು, ಭುಜ ಎತ್ತಿಸು. ಯಾವ ತೂತಿನ ಹತ್ತಿರ ನೋಡಬೇಕೆಂದು ಫಿಲ್ಮು ತಾನಾಗಿ ಹೇಳುವುದಿಲ್ಲ.

ಒಂದು ದಿನ ಸುಮಾ ನನ್ನ ಕೋಣೆಗೆ ಓಡಿಬಂದಳು. "ಮೇಡಂ, ಒಬ್ರು ಬಂದಿದ್ದಾರೆ. ಎಡಗಡೆ ನಾಲ್ಕು ನರ ಹೋಗಿವೆ. ನಾನು ಫಿಲ್ಮ್ ನೋಡೋ ಮೊದಲೇ ಹೇಳ್ದೆ. ಕಿಂಡಿಯಲ್ಲಿ ಗಡ್ಡೆ ಇದೆ. ಆಪರೇಷನ್ನಿಗೆ ಬೆಂಗಳೂರಿಗೆ ಕಳಿಸೋಣವಾ?"

ಬಾಗಿಲಲ್ಲಿ ಫಕ್ಕೀರಪ್ಪ ನಿಂತು ನಗುತ್ತಿದ್ದ. ತಲೆ ಬೆಳ್ಳಗಾಗಿತ್ತು, ಮೈ ತುಂಬಿತ್ತು. ನೆಗಡಿಯಾಗಿದೆ ಎಂದು ಆಸ್ಪತ್ರೆಗೆ ಬಂದಿದ್ದನಂತೆ. ಈ ಹುಡುಗಿ ನೆಗಡಿಗೆ ನಾಲಗೆ ಚಾಚಿಸಿದಳಲ್ಲ, ಇವಳಿಗೆ ಕಲಿಸಿದವರು ಯಾರಿರಬೇಕು ಎಂದು ನನ್ನನ್ನು ಹುಡುಕಿಕೊಂಡು ಬಂದ. ಸುಮಾ ತೆಗೆಸಿದ್ದ ಫಿಲ್ಮು ನೋಡಿದೆ. ಗಡ್ಡೆ ಹಿಂದೆ ಇದ್ದಷ್ಟೇ ಇತ್ತು. "ಕಳಿಸೋದು ಬೇಡ" ಅಂದೆ. "ಇವರ ಮುಖದ ನರ ಚೆನ್ನಾಗಿದೆ, ಬಲಗಡೆ ಗಂಟಲು ಚೆನ್ನಾಗಿದೆ. ಮಲಗಿದ್ದನ್ನ ಎಬ್ಬಿಸಬಾರದು. ವರ್ಷಕ್ಕೊಮ್ಮೆ ನೋಡು." ಸುಮಾಗೆ ಸ್ವಲ್ಪ ನಿರಾಸೆಯಾಯಿತು. ಕೈ ಚುರುಕಾದವರಿಗೆ ಸುಮ್ಮನಿರುವುದನ್ನು ಕಲಿಯಲು ಬಹಳ ದಿನ ಬೇಕು.

"ಈಗ ಏನು ಮಾಡ್ತೀರಿ ಫಕ್ಕೀರಪ್ಪ?" ಎಂದು ಕೇಳಿದೆ.

"ಇಲ್ಲೇ ದನದ ಸಂತ್ಯಾಗ ದಲಾಲಿ ಮಾಡ್ತೀನ್ರಿ. ನೀಲವ್ವನ ಅಣ್ಣ ಕರಕೊಂಡು ಬಂದ. ಬರ್ರಿ ಅಕ್ಕಾರ, ಇವತ್ತ ಸಂತಿ ಐತಿ. ನೋಡೀರಂತ."

ಮಧ್ಯಾಹ್ನ ಕೆಲಸ ಮುಗಿಸಿ ಸುಮಾಳನ್ನೂ ಕರೆದುಕೊಂಡು ಹೋದೆ. ಎತ್ತು, ಹೋರಿ, ಆಕಳು, ಧೂಳು, ಗದ್ದಲ. ಅದರ ನಡುವೆ ಒಂದು ಜೋಡಿ ಎತ್ತಿನ ಹತ್ತಿರ ಫಕ್ಕೀರಪ್ಪ ನಿಂತಿದ್ದ. ಒಂದು ಕಡೆ ಮಾರುವ ರೈತ, ಇನ್ನೊಂದು ಕಡೆ ಕೊಳ್ಳುವ ರೈತ. ಫಕ್ಕೀರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮಾರುವವನ ಕೈಯ ಮೇಲೆ ಹೊದಿಸಿ, ಅದರಡಿ ತನ್ನ ಕೈ ಹಾಕಿದ. ಆ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನಡಿ ಬೆರಳು ಹಿಡಿದು ಒತ್ತುತ್ತಾರೆ, ಸುತ್ತ ನಿಂತವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಮಾರುವವನು ತಲೆ ಅಲ್ಲಾಡಿಸಿದ. ಫಕ್ಕೀರಪ್ಪ ಕೊಳ್ಳುವವನ ಕಡೆ ತಿರುಗಿ ಅವನ ಕೈ ಹಿಡಿದ. ಮತ್ತೆ ಇವನ ಕೈ, ಮತ್ತೆ ಅವನ ಕೈ. ಅವನ ಮುಖ ಮಾತ್ರ ನಾನು ನೋಡುತ್ತಿದ್ದೆ. ಹುಬ್ಬು ಏರುತ್ತಿತ್ತು, ತಡೆಯುತ್ತಿತ್ತು, ಎಳೆಯುತ್ತಿತ್ತು. ಹತ್ತಿಯ ರಾಶಿಗಳ ನಡುವೆ ನಿಂತು ಕೂಗುವಾಗ ಅವನು ಹೇಗಿದ್ದನೆಂದು ನಾನು ಕಂಡಿರಲಿಲ್ಲ. ಆ ದಿನ ಕಂಡೆ. ಕೊನೆಗೆ ಇಬ್ಬರೂ ರೈತರು ನಕ್ಕರು, ಅವನು ಟವೆಲ್ ಕೊಡವಿದ. ಎತ್ತು ಕೈ ಬದಲಾದವು. ಪೂರ್ತಿ ವ್ಯಾಪಾರದಲ್ಲಿ ಮೂವರೂ ಒಂದು ಮಾತನ್ನೂ ಆಡಿರಲಿಲ್ಲ.

"ಲಿಲಾವು ನೆನಪಾಗತೈತೇನು?" ಎಂದು ಕೇಳಿದೆ. ಕೇಳಬಾರದಿತ್ತೇನೋ ಎಂದೂ ಅನ್ನಿಸಿತು.

ಅವನು ನನ್ನ ಹತ್ತಿರ ಬಂದು, "ಕೈ ತರ್ರಿ ಅಕ್ಕಾರ" ಅಂದ. ಕೊಟ್ಟೆ. ಟವೆಲ್ ಹೊದಿಸಿ ಅದರಡಿ ನನ್ನ ಬೆರಳುಗಳನ್ನು ಹಿಡಿದ. ಒಂದನ್ನು ಒತ್ತಿದ, ಆಮೇಲೆ ಮೂರನ್ನು ಕೂಡಿಸಿ, ಆಮೇಲೆ ಐದನ್ನೂ ಮುಷ್ಟಿಯಲ್ಲಿ ಹಿಡಿದು ಎರಡು ಸಲ ಒತ್ತಿದ.

"ಇದು ಎಷ್ಟು? ನಂಗೇನೂ ತಿಳೀಲಿಲ್ಲ."

ಫಕ್ಕೀರಪ್ಪ ಬಾಗಿ, ಆ ಗದ್ದಲದಲ್ಲಿ ನನಗೊಬ್ಬಳಿಗೇ ಕೇಳುವ ಆ ದನಿಯಲ್ಲಿ ಹೇಳಿದ:

"ಇಷ್ಟು ಕೊಡ್ತೀನಂದ್ರೂ ನಾ ಇನ್ನ ಹೊಳ್ಳಿ ಕೂಗಾಕ ಹೋಗೂದಿಲ್ರಿ."